ಭಾವಚಿತ್ರದ ಕೆಳಗೆ ಏನು ಬರೆದಿದೆ?

ಗೇಟು ದಾಟಿದ ಕೂಡಲೇ ಎಡಕ್ಕೊಂದು ದೊಡ್ಡ ಮಳೆಮರ, ಅದರ ಬುಡಕ್ಕೆ ಸಿಮೆಂಟಿನ ಕಟ್ಟೆ. ಕಟ್ಟಡ ಹಳೆಯದು. ಮಂಗಳೂರು ಹೆಂಚಿನ ಮಾಡು, ಉದ್ದನೆಯ ಜಗಲಿ, ಎತ್ತರದ ಬಾಗಿಲುಗಳು. ಮೊದಲು ಇದು ಶಾಲೆಯಾಗಿತ್ತೋ ಕಚೇರಿಯಾಗಿತ್ತೋ, ನೋಡಿ ಹೇಳುವುದು ಕಷ್ಟ. ಈಗ ಇಲ್ಲಿರುವುದು ವಿಜ್ಞಾನಿಗಳ ಚಿತ್ರಶಾಲೆ. ಬದುಕಿರುವವರ ಚಿತ್ರ ಹಾಕುವುದಿಲ್ಲ, ತೀರಿಕೊಂಡವರದ್ದು ಮಾತ್ರ ಎಂದು ಬಾಗಿಲ ಬಳಿ ಕುಳಿತಿದ್ದ ಹಿರಿಯರು ಹೇಳಿದರು. "ಇಲ್ಲೊಂದು ಸಹಿ ಹಾಕಿ ಒಳಗೆ ಹೋಗಿ ಸರ್. ಆತುರ ಮಾಡಬೇಡಿ, ಹಿಂದಿನ ಅಂಗಳವನ್ನೂ ನೋಡಿ. ಎಲ್ಲರೂ ಅರ್ಧಕ್ಕೇ ವಾಪಸು ಬರ್ತಾರೆ."

ಒಳಗೆ ಕಾಲಿಟ್ಟರೆ ಉದ್ದನೆಯ ಹಜಾರ. ಎರಡೂ ಗೋಡೆಗೆ ಒಂದೇ ಅಳತೆಯ ಚೌಕಟ್ಟುಗಳು. ಪ್ರತಿ ಚಿತ್ರದ ಕೆಳಗೆ ಬಿಳಿ ಫಲಕ, ಅದರಲ್ಲಿ ಹೆಸರು, ಹುಟ್ಟಿದ ಮತ್ತು ತೀರಿಕೊಂಡ ವರ್ಷ, ಬಂದ ಪ್ರಶಸ್ತಿಗಳು. ಚಿತ್ರಗಳನ್ನು ಯಾವ ಕ್ರಮದಲ್ಲಿ ಹಾಕಿದ್ದಾರೆ ಎಂದು ಸ್ವಲ್ಪ ಹೊತ್ತು ಹುಡುಕಿದೆ. ಹುಟ್ಟಿದ ವರ್ಷದ ಕ್ರಮವಲ್ಲ, ವಿಷಯದ ಕ್ರಮವೂ ಇದ್ದಂತಿಲ್ಲ. ಬಹುಶಃ ಚಿತ್ರ ಸಿಕ್ಕಹಾಗೆ ತೂಗುಹಾಕುತ್ತಾ ಬಂದಿರಬೇಕು.

ಮೊದಲ ಚಿತ್ರ ಯಾರದ್ದೆಂದು ಫಲಕ ಓದದೆಯೇ ಗೊತ್ತಾಗುತ್ತದೆ. ಬಿಳಿ ಪೇಟ, ಕೋಟು, ತೀಕ್ಷ್ಣವಾದ ನೋಟ. ಸಿ.ವಿ. ರಾಮನ್, 1888–1970, ನೊಬೆಲ್ 1930, ಭಾರತರತ್ನ 1954. ಫಲಕ ಇಷ್ಟಕ್ಕೆ ಮುಗಿಯುತ್ತದೆ. ಆದರೆ ಚಿತ್ರದ ಕೆಳಗಿನ ಮೇಜಿನ ಮೇಲೆ, ಗಾಜಿನ ಪೆಟ್ಟಿಗೆಯೊಳಗೆ, ಒಂದು ಮೃದಂಗ ಇಟ್ಟಿದ್ದಾರೆ. ಭೌತವಿಜ್ಞಾನಿಯ ಚಿತ್ರದ ಕೆಳಗೆ ಮೃದಂಗವೇಕೆ ಎಂದು ಹೇಳುವ ಒಂದು ಅಕ್ಷರವೂ ಅಲ್ಲಿಲ್ಲ. ನನ್ನೆದುರಿಗೇ ಒಬ್ಬ ಹುಡುಗ ತಂದೆಯನ್ನು ಕೇಳಿದ, "ಅಪ್ಪಾ, ಇವರು ಮೃದಂಗ ಬಾರಿಸ್ತಿದ್ರಾ?" ತಂದೆ "ಇರಬಹುದು ಪುಟ್ಟಾ" ಎಂದು ಮುಂದೆ ಹೋದರು.

ಆ ಹುಡುಗನಿಗೆ ಹೇಳಬೇಕಾಗಿದ್ದ ಸಂಗತಿ ಬಹಳ ಚೆನ್ನಾಗಿದೆ. ಡೋಲಿನಂಥ ಸಾಮಾನ್ಯ ಚರ್ಮವಾದ್ಯವನ್ನು ಬಡಿದರೆ ಹೊರಡುವ ಹಲವು ಕಂಪನಗಳು ಒಂದಕ್ಕೊಂದು ಹೊಂದುವುದಿಲ್ಲ. ಅದಕ್ಕೇ ಅದರಲ್ಲಿ ಸದ್ದು ಬರುತ್ತದೆ, ಸ್ವರ ಬರುವುದಿಲ್ಲ. ಮೃದಂಗ, ತಬಲಾಗಳು ಹಾಗಲ್ಲ. ಬಲಮುಖದ ನಡುವೆ ಹಚ್ಚುವ ಕಪ್ಪು ಕರಣೆಯೇ ಇದಕ್ಕೆ ಕಾರಣ. ಆ ಭಾರ ನಡುವೆ ಕುಳಿತಾಗ ಚರ್ಮದ ಒಂಬತ್ತು ಬಗೆಯ ಕಂಪನಗಳು ಐದು ಸ್ವರಗಳಲ್ಲಿ ಒಟ್ಟುಗೂಡುತ್ತವೆ, ಆ ಐದೂ ತಂತಿವಾದ್ಯದ ಸ್ವರಗಳ ಹಾಗೆ ಒಂದರ ಎರಡರಷ್ಟು, ಮೂರರಷ್ಟು ಎಂಬ ಲೆಕ್ಕಕ್ಕೆ ಬರುತ್ತವೆ. ರಾಮನ್ ಇದನ್ನು ಸಹೋದ್ಯೋಗಿ ಶಿವಕಾಳಿ ಕುಮಾರ್ ಜೊತೆ 1920ರಲ್ಲೇ ಬರೆದರು. ಮುಂದೆ ಬೆಂಗಳೂರಿನಲ್ಲಿದ್ದಾಗ ಚರ್ಮದ ಮೇಲೆ ನುಣ್ಣನೆಯ ಮರಳು ಉದುರಿಸಿ, ನುಡಿಸಿದಾಗ ಮರಳು ಎಲ್ಲೆಲ್ಲಿ ಗೆರೆಯಾಗಿ ನಿಲ್ಲುತ್ತದೆಂದು ಫೋಟೊ ತೆಗೆದು ತೋರಿಸಿದರು. ಕರಣೆ ಹಚ್ಚುವುದನ್ನು ಕಂಡುಹಿಡಿದ ವಾದ್ಯಕಾರರ ಹೆಸರು ಯಾವ ಗೋಡೆಯ ಮೇಲೂ ಇಲ್ಲ. ಅವರ ಕಿವಿ ಎಷ್ಟು ಸೂಕ್ಷ್ಮವಾಗಿತ್ತು ಎಂಬುದಕ್ಕೆ ರಾಮನ್ ಗಣಿತದ ಸಾಕ್ಷಿ ಒದಗಿಸಿದರು. ನನಗಂತೂ ಈ ಕೆಲಸ ಅವರ ನೊಬೆಲ್‌ನಷ್ಟೇ ಪ್ರಿಯವಾದದ್ದು.

ನೊಬೆಲ್ ತಂದ ಕೆಲಸಕ್ಕೂ ಮೊದಲು ಅವರು ಹಣಕಾಸು ಇಲಾಖೆಯ ಅಧಿಕಾರಿ. 1907ರಲ್ಲಿ ಕೊಲ್ಕತ್ತಾಕ್ಕೆ ಹೋದವರು ಹಗಲು ಸರ್ಕಾರದ ಲೆಕ್ಕ ನೋಡಿ, ಬೆಳಗಿನ ಜಾವ ಮತ್ತು ಸಂಜೆ ಬೌಬಜಾರಿನ ವಿಜ್ಞಾನ ಸಂಘದ ಪ್ರಯೋಗಶಾಲೆಯಲ್ಲಿ ಕಳೆಯುತ್ತಿದ್ದರು. ವರ್ಷಗಟ್ಟಲೆ ಹೀಗೇ ನಡೆಯಿತು. 1917ರಲ್ಲಿ ಕಡಿಮೆ ಸಂಬಳವಾದರೂ ಸರಿಯೆಂದು ಪ್ರಾಧ್ಯಾಪಕರಾದರು. 1921ರಲ್ಲಿ ಇಂಗ್ಲೆಂಡಿನಿಂದ ಹಡಗಿನಲ್ಲಿ ಹಿಂತಿರುಗುವಾಗ ಸಮುದ್ರ ಏಕೆ ನೀಲಿ ಎಂಬ ಪ್ರಶ್ನೆ ಹಿಡಿದರು. ಆಕಾಶದ ಬಣ್ಣ ನೀರಿನಲ್ಲಿ ಪ್ರತಿಫಲಿಸುತ್ತದೆ, ಅಷ್ಟೇ ಎಂಬ ಉತ್ತರ ಆಗ ಚಾಲ್ತಿಯಲ್ಲಿತ್ತು. ಕೈಯಲ್ಲಿದ್ದ ಪುಟ್ಟ ನಿಕೋಲ್ ಪಟ್ಟಕದಿಂದ ಆ ಪ್ರತಿಫಲನವನ್ನು ತಡೆದು ನೋಡಿದರು. ನೀಲಿ ಹೋಗಲಿಲ್ಲ, ಇನ್ನೂ ಗಾಢವಾಯಿತು. ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತಿವೆ ಎಂದಾಯಿತು. ಅಲ್ಲಿಂದ ಏಳು ವರ್ಷ ದ್ರವಗಳಲ್ಲಿ ಬೆಳಕು ಚದುರುವುದನ್ನೇ ನೋಡುತ್ತಾ ಹೋಗಿ, 1928ರ ಫೆಬ್ರವರಿ 28ಕ್ಕೆ ತಲುಪಿದರು. ಚದುರಿದ ಬೆಳಕಿನಲ್ಲಿ ಬಹುಪಾಲು ಮೊದಲಿನ ಬಣ್ಣದ್ದೇ, ಆದರೆ ಅತಿ ಸಣ್ಣ ಪಾಲಿನ ಬಣ್ಣ ಬದಲಾಗಿರುತ್ತದೆ, ಎಷ್ಟು ಬದಲಾಯಿತೆಂಬುದು ಆ ಅಣು ಯಾವುದೆಂದು ಹೇಳುತ್ತದೆ. ಆ ದಿನಗಳಲ್ಲಿ ಜೊತೆಗಿದ್ದ ಕೆ.ಎಸ್. ಕೃಷ್ಣನ್ ಅವರ ಚಿತ್ರಕ್ಕಾಗಿ ಇಡೀ ಹಜಾರ ಹುಡುಕಿದೆ. ಕಾಣಲಿಲ್ಲ.

ಎದುರು ಗೋಡೆಯಲ್ಲಿ, ಕಿಟಕಿಯ ಪಕ್ಕ, ಕಮಲಾ ಸೊಹೋನಿ. 1998ರಲ್ಲಿ ತೀರಿಕೊಂಡ ಜೀವರಸಾಯನ ವಿಜ್ಞಾನಿ. ಫಲಕದಲ್ಲಿ ಕೇಂಬ್ರಿಜ್‌ನ ಪಿಎಚ್.ಡಿ., ರಾಷ್ಟ್ರಪತಿ ಪ್ರಶಸ್ತಿ ಎಂದಿದೆ. ರಾಮನ್ ಚಿತ್ರಕ್ಕೆ ನೇರ ಎದುರಾಗಿ ಈ ಚಿತ್ರ ಹಾಕಿದ್ದು ಯೋಚಿಸಿಯೋ, ಹಾಗೇ ಬಂದದ್ದೋ ನನಗೆ ತಿಳಿಯದು. ಯೋಚಿಸಿ ಹಾಕಿದ್ದರೆ ಹಾಕಿದವರಿಗೆ ನನ್ನ ನಮಸ್ಕಾರ.

1933ರಲ್ಲಿ ರಾಮನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ನಿರ್ದೇಶಕರಾಗಿ ಬಂದರು. ಅದೇ ವರ್ಷ ಮುಂಬೈ ವಿಶ್ವವಿದ್ಯಾಲಯದಲ್ಲಿ ಮೊದಲಿಗರಾಗಿ ಬಿ.ಎಸ್ಸಿ. ಮುಗಿಸಿದ್ದ ಕಮಲಾ (ಆಗಿನ್ನೂ ಕಮಲಾ ಭಾಗವತ್) ಅಲ್ಲಿಗೆ ಅರ್ಜಿ ಹಾಕಿದರು. ಹೆಣ್ಣೆಂಬ ಒಂದೇ ಕಾರಣಕ್ಕೆ ರಾಮನ್ ಸೇರಿಸಿಕೊಳ್ಳಲಿಲ್ಲ. ಆಕೆ ಬೆಂಗಳೂರಿಗೇ ಬಂದು ಕಾರಣ ಕೇಳಿ ಪಟ್ಟು ಹಿಡಿದರು. ಕೊನೆಗೆ ಶರತ್ತುಗಳೊಂದಿಗೆ ಪ್ರವೇಶ ಸಿಕ್ಕಿತು: ಮೊದಲ ವರ್ಷ ಕಾಯಂ ವಿದ್ಯಾರ್ಥಿನಿ ಅಲ್ಲ, ಕೆಲಸ ತೃಪ್ತಿಯಾದರೆ ಮಾತ್ರ ಮುಂದೆ, ಪ್ರಯೋಗಶಾಲೆಯ ವಾತಾವರಣ ಆಕೆಯಿಂದ ಕೆಡಬಾರದು. ಶ್ರೀನಿವಾಸಯ್ಯ ಎಂಬ ಗುರುಗಳ ಕೈಕೆಳಗೆ ಹಾಲು, ಬೇಳೆಕಾಳುಗಳ ಪ್ರೋಟೀನಿನ ಮೇಲೆ ಕೆಲಸ ಮಾಡಿದರು. ವರ್ಷ ಕಳೆದ ಮೇಲೆ ರಾಮನ್ ಒಪ್ಪಿಕೊಂಡರು, ಬೇರೆ ಹೆಣ್ಣುಮಕ್ಕಳಿಗೂ ದಾರಿಯಾಯಿತು. ಆ ಶರತ್ತಿನ ಅವಮಾನವನ್ನು ಕಮಲಾ ಮಾತ್ರ ಜೀವನಪೂರ್ತಿ ಮರೆಯಲಿಲ್ಲ. ಮುಂದೆ ಕೇಂಬ್ರಿಜ್‌ನಲ್ಲಿ ಆಲೂಗಡ್ಡೆಯ ಮೇಲೆ ಪ್ರಯೋಗ ಮಾಡುತ್ತಾ, ಸಸ್ಯಗಳ ಜೀವಕೋಶದಲ್ಲೂ ಉಸಿರಾಟಕ್ಕೆ ಬೇಕಾದ ಸೈಟೋಕ್ರೋಮ್ ಸಿ ಇದೆ ಎಂದು ತೋರಿಸಿದರು. ಪಿಎಚ್.ಡಿ. ಪ್ರಬಂಧ ಸುಮಾರು ನಲವತ್ತೇ ಪುಟ. ದೇಶಕ್ಕೆ ಮರಳಿದ ಮೇಲೆ ತಾಳೆ ಜಾತಿಯ ಮರಗಳಿಂದ ಇಳಿಸುವ ನೀರಾ ಎಂಬ ಸಿಹಿರಸದ ಪೌಷ್ಟಿಕಾಂಶ ಪರೀಕ್ಷಿಸಿ, ಅಪೌಷ್ಟಿಕತೆಯಿಂದ ನರಳುವ ಮಕ್ಕಳಿಗೆ, ಗರ್ಭಿಣಿಯರಿಗೆ ಅದು ಎಷ್ಟು ಉಪಯುಕ್ತ ಎಂದು ತೋರಿಸಿಕೊಟ್ಟರು.

ದೊಡ್ಡವರ ಚಿತ್ರದೆದುರು ನಿಂತಾಗ ಅವರ ತಪ್ಪನ್ನು ಮುಚ್ಚಿಡಬೇಕೆಂದು ನನಗೆ ಅನಿಸುವುದಿಲ್ಲ. ರಾಮನ್ ಅವರ ಬೆಳಕಿನ ಕೆಲಸ ಇದರಿಂದ ಒಂದು ಎಳೆಯೂ ಕಡಿಮೆಯಾಗದು. ಆದರೆ ಈ ಚಿತ್ರ ನೋಡಲು ಬರುವ ಹೆಣ್ಣುಮಕ್ಕಳಿಗೆ ಎರಡೂ ಸಂಗತಿ ಗೊತ್ತಿರಬೇಕು.

ಹಜಾರದ ಕೊನೆಯಲ್ಲಿ ಬಲಕ್ಕೆ ತಿರುಗಿದರೆ ಕಿರಿದಾದ ಪಡಸಾಲೆ. ಬೆಳಕು ಕಡಿಮೆ. ಇಲ್ಲಿಯೂ ಚಿತ್ರಗಳಿವೆ, ಆದರೆ ಪ್ರಶಸ್ತಿಯ ಸಾಲು ಬಹಳ ಸಣ್ಣದು. ಒಂದು ಫಲಕದಲ್ಲಿ ಹೆಸರು, ವರ್ಷ ಬಿಟ್ಟರೆ ಮಿಕ್ಕ ಜಾಗ ಖಾಲಿ. ಶಂಭುನಾಥ್ ಡೇ, 1915–1985. ಕನ್ನಡಕ ಹಾಕಿಕೊಂಡ ಸೌಮ್ಯ ಮುಖ. ಶಾಲಾ ಮಕ್ಕಳ ಗುಂಪೊಂದು ನನ್ನೆದುರೇ ಈ ಚಿತ್ರವನ್ನು ನೋಡದೆ ದಾಟಿಹೋಯಿತು. ಮಕ್ಕಳನ್ನು ದೂರುವಂತಿಲ್ಲ, ನಿಲ್ಲಿಸುವ ಒಂದು ಸಾಲಾದರೂ ಅಲ್ಲಿ ಇರಬೇಕಿತ್ತಲ್ಲ.

ಕಾಲರಾ ತರುವ ಕ್ರಿಮಿಯನ್ನು ರಾಬರ್ಟ್ ಕಾಖ್ 1884ರ ಹೊತ್ತಿಗೆ ಕೊಲ್ಕತ್ತಾದಲ್ಲಿ ಗುರುತಿಸಿಯಾಗಿತ್ತು. ಆದರೆ ಆ ಕ್ರಿಮಿ ಮನುಷ್ಯನನ್ನು ಹೇಗೆ ಕೊಲ್ಲುತ್ತದೆ ಎಂಬುದು ಮುಂದಿನ ಎಪ್ಪತ್ತೈದು ವರ್ಷ ಬಗೆಹರಿಯಲಿಲ್ಲ. ಕ್ರಿಮಿ ಸತ್ತು ಒಡೆದಾಗ ಹೊರಬರುವ ವಿಷ ಇಡೀ ದೇಹಕ್ಕೆ ಏರುತ್ತದೆಂದು ಬಹಳ ಜನ ನಂಬಿದ್ದರು. ಡೇ ಅವರು ಮೊಲದ ಕರುಳಿನ ಒಂದು ತುಂಡನ್ನು ಎರಡೂ ಕಡೆ ದಾರದಿಂದ ಕಟ್ಟಿ, ಕ್ರಿಮಿಯನ್ನು ಅದರೊಳಗೆ ಬಿಟ್ಟು ನೋಡಿದರು. ಕರುಳು ನೀರು ತುಂಬಿ ಉಬ್ಬಿತು. 1959ರಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟು, ಕ್ರಿಮಿಗಳನ್ನೆಲ್ಲ ಸೋಸಿ ತೆಗೆದ ದ್ರವ ಬಿಟ್ಟರೂ ಹಾಗೇ ಆಗುತ್ತದೆಂದು ತೋರಿಸಿದರು. ಅಂದರೆ ಕ್ರಿಮಿ ಹೊರಹಾಕುವ ವಿಷ ಕರುಳಿನ ಮೇಲೆಯೇ ಕೆಲಸ ಮಾಡುತ್ತದೆ, ಮೈಯ ನೀರನ್ನೆಲ್ಲ ಕರುಳಿಗೆ ಸುರಿಸುತ್ತದೆ. ರೋಗಿ ಸಾಯುವುದು ನೀರು, ಉಪ್ಪು ಬರಿದಾಗಿ. ಕೊಲ್ಲುವುದು ಏನೆಂದು ತಿಳಿದ ಮೇಲೆ ಉಳಿಸುವ ದಾರಿಯೂ ಕಾಣುತ್ತದೆ. ಬದುಕಿದ್ದಾಗ ಅವರಿಗೆ ದೇಶದ ಯಾವ ದೊಡ್ಡ ಗೌರವವೂ ಸಿಗಲಿಲ್ಲ.

ಪಕ್ಕದ ಚಿತ್ರ ದಿಲೀಪ್ ಮಹಲನಾಬಿಸ್ ಅವರದು. ಇವರು ತೀರಿಕೊಂಡದ್ದು 2022ರಲ್ಲಿ, ಪದ್ಮವಿಭೂಷಣ ಬಂದದ್ದು ಅದರ ಮರುವರ್ಷ. 1971ರಲ್ಲಿ ಬಾಂಗ್ಲಾ ನಿರಾಶ್ರಿತರು ತುಂಬಿದ್ದ ಬನಗಾಂವ್ ಶಿಬಿರದಲ್ಲಿ ಕಾಲರಾ ಎದ್ದಾಗ ರಕ್ತನಾಳಕ್ಕೆ ಕೊಡುವ ಸಲೈನ್ ಮುಗಿಯುತ್ತಾ ಬಂತು. ಇವರು ಗ್ಲೂಕೋಸ್, ಅಡುಗೆ ಉಪ್ಪು, ಅಡುಗೆ ಸೋಡಾ ಅಳತೆ ಮಾಡಿ ಪೊಟ್ಟಣ ಕಟ್ಟಿಸಿ, ನೀರಿನಲ್ಲಿ ಕರಗಿಸಿ, ಡ್ರಮ್ಮುಗಳಲ್ಲಿ ತುಂಬಿಸಿಟ್ಟು, ರೋಗಿಯ ಮನೆಯವರೇ ಕುಡಿಸುವಂತೆ ಮಾಡಿದರು. ಗ್ಲೂಕೋಸ್ ಇದ್ದರೆ ಕರುಳು ಉಪ್ಪನ್ನೂ ಅದರ ಜೊತೆ ನೀರನ್ನೂ ಒಳಗೆಳೆದುಕೊಳ್ಳುತ್ತದೆ ಎಂಬ ಲೆಕ್ಕ ಅದಾಗಲೇ ಗೊತ್ತಿತ್ತು, ಆದರೆ ನರ್ಸುಗಳಿಲ್ಲದ ಕಡೆ ಇಷ್ಟು ದೊಡ್ಡ ಪ್ರಮಾಣದಲ್ಲಿ ಯಾರೂ ಧೈರ್ಯ ಮಾಡಿರಲಿಲ್ಲ. ಶೇಕಡಾ 30ರ ಆಸುಪಾಸಿನಲ್ಲಿದ್ದ ಸಾವು ಶೇಕಡಾ 4ಕ್ಕಿಂತ ಕೆಳಗಿಳಿಯಿತು. ಚಿತ್ರದ ಕೆಳಗೆ ಇಂಥದೇ ಮಿಶ್ರಣವಾದ ಓಆರ್‌ಎಸ್‌ನ ಒಂದು ಹಳೆಯ ಪೊಟ್ಟಣವನ್ನು ಅಂಟಿಸಿದ್ದಾರೆ. ಔಷಧಿ ಅಂಗಡಿಯಲ್ಲಿ ನಾವು ಕೊಳ್ಳುವ ಅದೇ ಪೊಟ್ಟಣ. ಅಂಟಿಸಿದವರು ಒಳ್ಳೆಯ ಕೆಲಸ ಮಾಡಿದ್ದಾರೆ.

ಪಡಸಾಲೆ ದಾಟಿದರೆ ಕೃಷಿಯ ಕೋಣೆ. ಒಳಹೊಕ್ಕ ಕೂಡಲೇ ಸುಣ್ಣದ ವಾಸನೆಯೋ ಹಳೆಯ ಮರದ ವಾಸನೆಯೋ ಮೂಗಿಗೆ ಬಂತು. ನಡುವಿನ ಮೇಜಿನ ಮೇಲೆ ಒಣಗಿದ ಅಡಿಕೆ ಕೊನೆ, ಅದಕ್ಕೆ ಹೊದಿಸಿದ ಕೊಟ್ಟೆ, ಪಕ್ಕದ ಬಾಟಲಿಯಲ್ಲಿ ನೀಲಿ ಹರಳಿನ ಮೈಲುತುತ್ತ. ಗೋಡೆಯ ಮೇಲೆ ಒಬ್ಬ ಪಾಶ್ಚಾತ್ಯರ ಚಿತ್ರ: ಲೆಸ್ಲಿ ಕೋಲ್ಮನ್, 1878–1954. ಇಡೀ ಕಟ್ಟಡದಲ್ಲಿ ಅತ್ಯುತ್ತಮ ಫಲಕ ಇದೇ. ಕೈಬರಹದಲ್ಲಿದೆ, ಶಾಯಿ ಮಸುಕಾಗಿದೆ, ಪ್ರಶಸ್ತಿಯ ಮಾತೇ ಇಲ್ಲ. ರೋಗ ಏನು, ಕಾರಣ ಏನು, ಮದ್ದು ಏನು ಎಂದು ಮೂರೇ ಸಾಲಿನಲ್ಲಿ ಬರೆದಿದ್ದಾರೆ. ಬರೆದವರು ಅಡಿಕೆ ತೋಟದ ಮನೆಯವರೇ ಇರಬೇಕು ಎಂದು ನನ್ನ ಊಹೆ.

ಕೋಲ್ಮನ್ ಕೆನಡಾದವರು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಕೀಟ ಮತ್ತು ಶಿಲೀಂಧ್ರ ತಜ್ಞರಾಗಿ ಬಂದು, ಮುಂದೆ ಕೃಷಿ ಇಲಾಖೆಯ ನಿರ್ದೇಶಕರಾಗಿ 1934ರವರೆಗೆ ಇಲ್ಲಿದ್ದರು. ಅವರು ಮೊದಲು ಕೈಹಾಕಿದ್ದು ಮಲೆನಾಡಿನ ಕೊಳೆರೋಗಕ್ಕೆ. ಮುಂಗಾರು ಬಿಡದೆ ಸುರಿಯುವಾಗ ಎಳೆಯ ಅಡಿಕೆ ಕೊಳೆತು ರಾಶಿರಾಶಿಯಾಗಿ ಉದುರುವುದು ತೋಟದವರಿಗೆ ತಲೆತಲಾಂತರದ ಸಂಕಟ. ಇದ್ದ ಒಂದೇ ಉಪಾಯ ಕೊಟ್ಟೆ ಕಟ್ಟುವುದು. ಪ್ರತಿ ಮರಕ್ಕೆ ಕೊನೆಗಾರ ಹತ್ತಿ, ಪ್ರತಿ ಕೊನೆಗೆ ಮಳೆ ತಾಗದಂತೆ ಹೊದಿಕೆ ಕಟ್ಟಬೇಕು. ಕೋಲ್ಮನ್ ಉದುರಿದ ಅಡಿಕೆಯನ್ನು ಸೂಕ್ಷ್ಮದರ್ಶಕದಡಿ ಇಟ್ಟು ಅದರ ಮೇಲೆ ಬೆಳೆಯುವ ಫೈಟಾಫ್ತೊರಾ ಎಂಬ ಶಿಲೀಂಧ್ರದಂಥ ಜೀವಿಯನ್ನು ಗುರುತಿಸಿದರು. ಅದರ ಬೀಜಾಣು ಮಳೆನೀರಿನಲ್ಲಿ ಹರಡುತ್ತದೆ. ಫ್ರಾನ್ಸಿನಲ್ಲಿ ದ್ರಾಕ್ಷಿಯ ರೋಗಕ್ಕೆ 1880ರ ದಶಕದಲ್ಲಿ ಬಂದಿದ್ದ ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣವನ್ನು ಅಡಿಕೆಗೆ ಹೊಂದಿಸಿದರು. ಆದರೆ ಮಲೆನಾಡಿನ ಮಳೆ ದ್ರಾಕ್ಷಿ ತೋಟದ ಮಳೆಯಲ್ಲ, ಹೊಡೆದ ಮದ್ದು ತೊಳೆದುಹೋಗುತ್ತದೆ. ಹಾಗಾಗಿ ರಾಳ ಮತ್ತು ಸೋಡಾ ಬೆರೆಸಿ ದ್ರಾವಣ ಕಾಯಿಗೆ ಅಂಟಿಕೊಳ್ಳುವಂತೆ ಮಾಡಿದರು.

ನೂರು ವರ್ಷ ದಾಟಿದರೂ ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡ, ದಕ್ಷಿಣ ಕನ್ನಡದ ತೋಟಗಳಲ್ಲಿ ಮಳೆಗಾಲದ ಹೊಸ್ತಿಲಲ್ಲಿ ಇದೇ ಮದ್ದು ಕಲಸುತ್ತಾರೆ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಹದ ನೋಡಲು ಕತ್ತಿಯ ತುದಿ ಅದ್ದುತ್ತಾರೆ, ಕಬ್ಬಿಣಕ್ಕೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಇನ್ನೂ ಬೇಕು. ಮದ್ದು ಕಲಸುವವರಲ್ಲಿ ಬಹಳ ಜನಕ್ಕೆ ಕೋಲ್ಮನ್ ಹೆಸರು ಗೊತ್ತಿಲ್ಲ. ಹೆಸರು ಮರೆತು ಕೆಲಸ ಉಳಿಯುವುದು ವಿಜ್ಞಾನಿಗೆ ಸಿಗುವ ದೊಡ್ಡ ಗೌರವ ಎಂದು ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ, ಮಂಡ್ಯದ ಸಕ್ಕರೆ ಕಾರ್ಖಾನೆ, ಎರಡರ ಹುಟ್ಟಿನ ಹಿಂದೆಯೂ ಇದ್ದ ಮನುಷ್ಯನ ಹೆಸರು ಆ ನಾಡಿನ ಮಕ್ಕಳಿಗೆ ಗೊತ್ತಿರಬೇಕು.

ಮುಂದಿನದು ಬಾಹ್ಯಾಕಾಶದ ಕೋಣೆ. ಎಲ್ಲಕ್ಕಿಂತ ಹೆಚ್ಚು ಜನ, ಹೆಚ್ಚು ಬೆಳಕು ಇಲ್ಲಿ. ಚಾವಣಿಯಿಂದ ಆರ್ಯಭಟ ಉಪಗ್ರಹದ 26 ಮುಖಗಳ ಮಾದರಿ ತೂಗುತ್ತಿದೆ. ಉಡುಪಿ ಬಳಿಯ ಅದಮಾರಿನ ಯು.ಆರ್. ರಾವ್ ಅವರ ಚಿತ್ರ ಅದರ ಕೆಳಗೆ. 360 ಕಿಲೋ ತೂಕದ ಆ ಉಪಗ್ರಹವನ್ನು ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ ಕಟ್ಟಿದರು, 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟು ಅದನ್ನು ಹೊತ್ತೊಯ್ದಿತು. ಹಳೆಯ ಎರಡು ರೂಪಾಯಿ ನೋಟಿನ ಹಿಂಬದಿಯಲ್ಲಿ ಅದರ ಚಿತ್ರ ನೋಡಿದ ನೆನಪು ನಮ್ಮಲ್ಲಿ ಅನೇಕರಿಗಿದೆ. ಈ ಕೋಣೆಯ ಸಂಗತಿಗಳು ಪತ್ರಿಕೆಗಳಲ್ಲಿ, ಟಿವಿಯಲ್ಲಿ ಸಾಕಷ್ಟು ಬಂದಿರುವುದರಿಂದ ನಾನು ಬೇಗ ಹೊರಟೆ.

ಹೊರಡುವ ದಾರಿಯಲ್ಲಿ ಕೋಲು-ಗುಂಡುಗಳಿಂದ ಮಾಡಿದ ಪ್ರೋಟೀನ್ ಮಾದರಿ. ಪಕ್ಕದ ಚಿತ್ರ ಜಿ.ಎನ್. ರಾಮಚಂದ್ರನ್ ಅವರದು. ಬೆಂಗಳೂರಿಗೆ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಲು ಬಂದು ಭೌತವಿಜ್ಞಾನಕ್ಕೆ ತಿರುಗಿದವರು. ಪ್ರೋಟೀನಿನ ಸರಪಳಿ ಯಾವ ಯಾವ ಕೋನದಲ್ಲಿ ತಿರುಗಬಲ್ಲದು, ಯಾವುದರಲ್ಲಿ ಪರಮಾಣುಗಳು ಒಂದಕ್ಕೊಂದು ಢಿಕ್ಕಿ ಹೊಡೆಯುತ್ತವೆ ಎಂದು 1963ರಲ್ಲಿ ಅವರು ಹಾಕಿಕೊಟ್ಟ ನಕ್ಷೆಯನ್ನು ಜಗತ್ತಿನ ಪ್ರೋಟೀನ್ ವಿಜ್ಞಾನಿಗಳು ಇವತ್ತಿಗೂ ಬಳಸುತ್ತಾರೆ. ಮಾದರಿಯ ಒಂದೆರಡು ಗುಂಡು ಕಳಚಿವೆ. ಸರಿಪಡಿಸಬೇಕು.

ಹಿಂಬಾಗಿಲಿನ ಪಕ್ಕದ ಗೋಡೆಯಲ್ಲಿ ಬಿ.ಜಿ.ಎಲ್. ಸ್ವಾಮಿಯವರ ಚಿತ್ರ ಕಂಡು ನಿಂತೆ. ಕನ್ನಡದ ಓದುಗರಿಗೆ ಇವರು 'ಹಸುರು ಹೊನ್ನು' ಬರೆದವರು, 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಫಲಕವೂ ಅಷ್ಟನ್ನೇ ಹೇಳುತ್ತದೆ. ಆರ್ಕಿಡ್‌ಗಳಲ್ಲಿ ಭ್ರೂಣ ಬೆಳೆಯುವ ಬಗೆಯ ಮೇಲೆ ಸಸ್ಯವಿಜ್ಞಾನಿಯಾಗಿ ಅವರು ಮಾಡಿದ ಕೆಲಸ, ಹಾರ್ವರ್ಡ್‌ನಲ್ಲಿ ಇರ್ವಿಂಗ್ ಬೈಲಿ ಅವರೊಂದಿಗೆ ನಡೆಸಿದ ಸಂಶೋಧನೆ, ಇವುಗಳ ಸುಳಿವಿಲ್ಲ. ಬೇರೆ ಫಲಕಗಳು ಪ್ರಶಸ್ತಿಯ ಹಿಂದೆ ಕೆಲಸವನ್ನು ಮರೆತರೆ, ಇದು ಸಾಹಿತಿಯ ಹಿಂದೆ ವಿಜ್ಞಾನಿಯನ್ನು ಮರೆತಿದೆ.

ಹಿರಿಯರು ಹೇಳಿದ್ದ ಅಂಗಳ ಈಗ ಎದುರಿಗಿತ್ತು. ಹುಲ್ಲಿನ ನಡುವೆ ಸಣ್ಣ ಬೇಲಿ, ಒಳಗೆ ಬಿಳಿ ಬಣ್ಣದ ಜಾಲಂದ್ರದ ಪೆಟ್ಟಿಗೆ, ಮಳೆಮಾಪಕ, ಕಂಬದ ತುದಿಯಲ್ಲಿ ಗಾಳಿಯ ವೇಗ ಅಳೆಯುವ ಮೂರು ಬಟ್ಟಲು. ಗಾಳಿಗೆ ಬಟ್ಟಲುಗಳು ತಿರುಗುತ್ತಿದ್ದವು. ಇಲ್ಲಿ ಚಿತ್ರವೂ ಇಲ್ಲ, ಫಲಕವೂ ಇಲ್ಲ. ಆದರೆ ಈ ಅಂಗಳ ಯಾರದ್ದೆಂದು ನನಗೆ ಸಂಶಯವಿಲ್ಲ. ಇದು ಅನ್ನಾ ಮಣಿ ಅವರದು.

1918ರಲ್ಲಿ ತಿರುವಾಂಕೂರಿನ ಪೀರುಮೇಡಿನಲ್ಲಿ ಹುಟ್ಟಿದ ಅವರು 1940ರಲ್ಲಿ ಬೆಂಗಳೂರಿನ ರಾಮನ್ ಪ್ರಯೋಗಶಾಲೆಗೆ ಬಂದರು. ವಜ್ರ, ಮಾಣಿಕ್ಯಗಳು ಹೊರಸೂಸುವ ಬೆಳಕಿನ ಅಧ್ಯಯನ ಅವರದು. ಒಂದು ಛಾಯಾಫಲಕಕ್ಕೆ ಹದಿನೈದು, ಇಪ್ಪತ್ತು ಗಂಟೆ ಬೆಳಕು ಬೀಳಿಸಬೇಕು, ಹಾಗಾಗಿ ಎಷ್ಟೋ ರಾತ್ರಿ ಪ್ರಯೋಗಶಾಲೆಯಲ್ಲೇ ಮಲಗುತ್ತಿದ್ದರು. ಐದು ಸಂಶೋಧನಾ ಲೇಖನ ಬರೆದು, 1945ರಲ್ಲಿ ಮದ್ರಾಸು ವಿಶ್ವವಿದ್ಯಾಲಯಕ್ಕೆ ಪ್ರಬಂಧ ಸಲ್ಲಿಸಿದರು. ಎಂ.ಎಸ್ಸಿ. ಆಗಿಲ್ಲವೆಂದು ಪಿಎಚ್.ಡಿ. ಕೊಡಲಿಲ್ಲ. ಅಷ್ಟು ರಾತ್ರಿಗಳ ಕೆಲಸ ಕಾಗದದ ಒಂದು ನಿಯಮಕ್ಕೆ ಸಿಕ್ಕಿಬಿತ್ತು.

ಲಂಡನ್ನಿನಲ್ಲಿ ಹವಾಮಾನದ ಉಪಕರಣಗಳನ್ನು ಕಲಿತು 1948ರಲ್ಲಿ ಮರಳಿದವರು ಪುಣೆಯ ಹವಾಮಾನ ಇಲಾಖೆ ಸೇರಿದರು. ಆಗ ನಮ್ಮಲ್ಲಿ ಮಳೆ, ಬಿಸಿಲು, ಗಾಳಿ ಅಳೆಯುವ ಉಪಕರಣಗಳೆಲ್ಲ ಹೆಚ್ಚುಕಡಿಮೆ ಹೊರದೇಶದಿಂದ ಬರುತ್ತಿದ್ದವು. ಅನ್ನಾ ಮಣಿ ಸುಮಾರು ನೂರು ಉಪಕರಣಗಳ ನಕ್ಷೆಗಳನ್ನು ಒಂದು ಅಳತೆಗೆ ತಂದು, ಅವು ಇಲ್ಲಿಯೇ ತಯಾರಾಗುವಂತೆ ಮಾಡಿದರು. ತಪ್ಪು ಅಳತೆ ಕೊಡುವ ಉಪಕರಣವಿರುವುದಕ್ಕಿಂತ ಇಲ್ಲದಿರುವುದೇ ಮೇಲು ಎಂಬುದು ಅವರ ಖಚಿತ ನಿಲುವು. ದೇಶದಲ್ಲಿ ಬಿಸಿಲಿನ ಶಕ್ತಿ ಅಳೆಯುವ ಕೇಂದ್ರಗಳ ಜಾಲ ಕಟ್ಟಿದರು, ಬಲೂನಿನಲ್ಲಿ ಮೇಲೆ ಹೋಗಿ ಓಜೋನ್ ಅಳೆಯುವ ಉಪಕರಣ ಮಾಡಿಸಿದರು. 1976ರಲ್ಲಿ ನಿವೃತ್ತಿಯಾದ ಮೇಲೂ ನಿಲ್ಲಲಿಲ್ಲ. ಭಾರತದ ಬಿಸಿಲಿನ ಅಂಕಿಅಂಶಗಳ ಗ್ರಂಥಗಳು ಬಂದವು, ಎಲ್ಲೆಲ್ಲಿ ಗಾಳಿ ಎಷ್ಟು ಬೀಸುತ್ತದೆಂಬ ಅಧ್ಯಯನ ಬಂತು, ಬೆಂಗಳೂರಿನಲ್ಲಿ ಗಾಳಿ-ಬಿಸಿಲು ಅಳೆಯುವ ಉಪಕರಣ ತಯಾರಿಸುವ ಸಣ್ಣ ಕಾರ್ಖಾನೆಯೂ ಬಂತು. ಇವತ್ತು ಚಿತ್ರದುರ್ಗ, ಗದಗದ ಗುಡ್ಡಗಳ ಮೇಲೆ ಗಾಳಿಯಂತ್ರ ತಿರುಗುವುದನ್ನು ಬಸ್ಸಿನ ಕಿಟಕಿಯಿಂದ ನೋಡುವಾಗ, ಗಾಳಿಯನ್ನು ಮೊದಲು ಸರಿಯಾಗಿ ಅಳೆಯಬೇಕೆಂದು ಹಟ ಹಿಡಿದ ಈ ಹೆಣ್ಣುಮಗಳು ನೆನಪಾಗಬೇಕು. ಅವರು ತೀರಿಕೊಂಡದ್ದು 2001ರಲ್ಲಿ.

ಅಂಗಳದಿಂದ ಒಂದು ಪಕ್ಕದ ದಾರಿ ಮತ್ತೆ ಜಗಲಿಗೆ ಬರುತ್ತದೆ. ಅಲ್ಲಿ ಸಂದರ್ಶಕರ ಅಭಿಪ್ರಾಯ ಬರೆಯುವ ಪುಸ್ತಕವಿದೆ. ಹೆಚ್ಚಿನವರು 'ತುಂಬಾ ಚೆನ್ನಾಗಿದೆ' ಎಂದು ಬರೆದಿದ್ದಾರೆ. ನಾನು ಹೀಗೆ ಬರೆದೆ: ಪ್ರತಿ ಫಲಕದಲ್ಲಿ ಪ್ರಶಸ್ತಿಯ ಸಾಲಿಗಿಂತ ಮೊದಲು ಇನ್ನೊಂದು ಸಾಲು ಸೇರಿಸಿ, ಇವರು ಕೇಳಿದ ಪ್ರಶ್ನೆ ಯಾವುದು, ಉತ್ತರ ಹೇಗೆ ಸಿಕ್ಕಿತು ಎಂದು. ಅಡಿಕೆಯ ಕೋಣೆಯಲ್ಲಿ ಯಾರೋ ಅದನ್ನು ಮೂರು ಸಾಲಿನಲ್ಲಿ ಮಾಡಿ ತೋರಿಸಿದ್ದಾರೆ, ಅದನ್ನೇ ಮಾದರಿಯಾಗಿಟ್ಟುಕೊಂಡರೆ ಸಾಕು. ಅಂಗಳಕ್ಕೆ ಅನ್ನಾ ಮಣಿ ಅವರ ಹೆಸರಿನ ಫಲಕ ಹಾಕಿ. ಹಿರಿಯರು ಅದನ್ನು ಓದಿ, "ಮೇಲಿನವರಿಗೆ ತೋರಿಸ್ತೀನಿ ಸರ್" ಎಂದರು.

ನಿಮ್ಮ ಊರಿನ ಹತ್ತಿರವೂ ಇಂಥದೊಂದು ಜಾಗ ಇದ್ದೀತು. ಮಕ್ಕಳನ್ನು ಕರೆದುಕೊಂಡು ಹೋಗಿ. ಫಲಕ ಓದಿಸಿ ಮುಗಿಸಬೇಡಿ. ಚಿತ್ರದಲ್ಲಿರುವವರು ಏನು ಮಾಡಿದರು ಎಂದು ಮಗು ಕೇಳಿದರೆ 'ಇರಬಹುದು' ಎಂದು ಮುಂದೆ ಹೋಗದೆ, ಮನೆಗೆ ಬಂದ ಮೇಲಾದರೂ ಹುಡುಕಿ ಹೇಳಿ.